ಮೊದಲು ರೈಲಿನ ವೇಳೆ, ಆಮೇಲೆ ನಾಯಿಮರಿ

ಮಗಳೇ,

ನೀನು ಕಳಿಸಿದ ಫೋಟೊ ನೋಡಿದೆ. ಬಿಳಿ ಮೈ, ಒಂದು ಕಣ್ಣಿನ ಸುತ್ತ ಕಂದು ಮಚ್ಚೆ, ಬೊಗಸೆಯಲ್ಲಿ ಕೂರುವಷ್ಟು ಮರಿ. ‘ಜಾಕ್ ರಸೆಲ್ ಟೆರಿಯರ್ ಅಂತೆ ದೊಡ್ಡಪ್ಪ, ನಮ್ಮ ಚಿಕ್ಕ ಮನೆಗೆ ಚಿಕ್ಕ ನಾಯಿ ಸರಿಹೋಗುತ್ತೆ ಅಲ್ವಾ?’ ಅಂತ ಕೇಳಿದ್ದೀಯ. ನಾಯಿ ಬೇಡ ಅನ್ನುವ ಬಾಯಿ ನನಗಿಲ್ಲ. ಮಾರಿಕುಪ್ಪಂನ ಗಣಿ ಕಾರ್ಮಿಕರ ಲೈನ್ ಮನೆಯಲ್ಲಿ, ಟೆರಿಯರ್ ರಕ್ತ ಬೆರೆತ ಟಾಮಿ ಎಂಬ ನಾಯಿಯ ಜತೆ ಬೆಳೆದವನು ನಾನು. ಅದಕ್ಕೇ ಹೇಳುತ್ತೇನೆ, ದುಡ್ಡು ಕೊಡುವ ಮುಂಚೆ ಇಷ್ಟು ಓದಿಕೋ.

• ಗಾತ್ರ ನೋಡಿ ಮೋಸ ಹೋಗಬೇಡ. ಬೆಳೆದರೂ ಅದು ಆರೇಳು ಕೆ.ಜಿ. ದಾಟುವುದು ಕಮ್ಮಿ, ನಿಜ. ಆದರೆ ಆ ಮೈಯೊಳಗೆ ಕೂತಿರುವುದು ಬೇಟೆನಾಯಿ. ಟೆರಿಯರ್ ಅನ್ನುವ ಹೆಸರಿನ ಬೇರೇ ಲ್ಯಾಟಿನ್‌ನಲ್ಲಿ ನೆಲ ಅಂತ. 1819ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಓದುತ್ತಿದ್ದ ಜಾನ್ ರಸೆಲ್ ಎಂಬಾತ ಹಾಲು ಮಾರುವವನ ಹತ್ತಿರ ಒಂದು ಬಿಳಿ ಹೆಣ್ಣುನಾಯಿ ಕೊಂಡನಂತೆ. ಮುಂದೆ ಪಾದ್ರಿಯಾದ ಆತ ಆ ನಾಯಿಯಿಂದ ಬೆಳೆಸಿದ ತಳಿ ಇದು. ಬಿಲ ಹೊಕ್ಕ ನರಿಯ ಹಿಂದೆ ತಾನೂ ನುಗ್ಗುವುದು, ಬೊಗಳಿ ಬೊಗಳಿ ಅದನ್ನು ಹೊರಗೆ ಅಟ್ಟುವುದು ಇದರ ಕಸುಬು. ನಿನ್ನ ತಾತನೂ ನೆಲದೊಳಗೆ ಇಳಿದು ದುಡಿದವರೇ. ಅವರಿಗೆ ಶಿಫ್ಟ್ ಅಂತ ಒಂದಿತ್ತು, ಮುಗಿಸಿ ಮೇಲೆ ಬರುತ್ತಿದ್ದರು. ಈ ನಾಯಿಗೆ ಶಿಫ್ಟ್ ಮುಗಿಯುವುದೇ ಇಲ್ಲ.

• ಮನೆ ಎಷ್ಟು ಚದರ ಅಂತ ಆಮೇಲೆ ಲೆಕ್ಕ ಹಾಕು, ಮೊದಲು ರೈಲಿನ ವೇಳೆ ನೋಡು. 2001ರ ಫೆಬ್ರವರಿ 28ಕ್ಕೆ ಕೋಲಾರದ ಚಿನ್ನದ ಗಣಿ ಮುಚ್ಚಿದ ಮೇಲೆ ನಮ್ಮೂರಿನ ಅರ್ಧ ಬದುಕು ಬಂಗಾರಪೇಟೆ ದಾಟಿ ಬೆಂಗಳೂರಿಗೆ ಹೋಗಿಬರುವ ಗಾಡಿಯಲ್ಲೇ ಕಳೆಯುತ್ತಿದೆ. ನೀವಿಬ್ಬರೂ ಕತ್ತಲೆಯಲ್ಲಿ ಹೊರಟು ಕತ್ತಲೆಯಲ್ಲಿ ಬರುವವರು. ಹದಿನಾಲ್ಕು ಗಂಟೆ ಆ ನಾಯಿ ಏನು ಮಾಡಬೇಕು? ಮುದಿ ಪೊಮೆರೇನಿಯನ್ ಆದರೆ ಮಲಗೀತು. ಟೆರಿಯರ್ ಮಲಗುವುದಿಲ್ಲ, ಕೆಲಸ ಹುಡುಕಿಕೊಳ್ಳುತ್ತದೆ. ಚಪ್ಪಲಿ, ಸೋಫಾದ ಹೊಟ್ಟೆ, ಬಾಗಿಲಿನ ಮೂಲೆ, ಎಲ್ಲವೂ ಅದರ ಪಾಲಿಗೆ ಬಿಲವೇ. ಬೆಳಗ್ಗೆ ಮುಕ್ಕಾಲು ಗಂಟೆ, ಸಂಜೆ ಮುಕ್ಕಾಲು ಗಂಟೆ ಮೈ ದಣಿಯುವಂತೆ ಓಡಾಡಿಸಲು ಆಳಿದ್ದರೆ ಒಂದೇ ಕೋಣೆಯಲ್ಲೂ ಅದು ಸುಖವಾಗಿರುತ್ತದೆ. ಆಳಿಲ್ಲದಿದ್ದರೆ ಹಳೇ ದೊರೆಗಳ ಬಂಗಲೆಯೂ ಸಾಲದು.

• ಬೊಗಳುತ್ತದೆ. ತರಬೇತಿಯಿಂದ ತಗ್ಗಿಸಬಹುದು, ಪೂರ್ತಿ ನಿಲ್ಲಿಸಲಾಗದು. ಮಣ್ಣಿನಡಿಯಿಂದ ಒಡೆಯನಿಗೆ ಕೇಳಿಸಲಿ ಅಂತಲೇ ಆ ದನಿಯನ್ನು ತಲೆಮಾರುಗಳಿಂದ ಸಾಕಿದ್ದಾರೆ. ನಿಮ್ಮದು ಗೋಡೆಗೆ ಗೋಡೆ ಅಂಟಿದ ಮನೆ. ಪಕ್ಕದಲ್ಲಿ ನೈಟ್ ಡ್ಯೂಟಿ ಮಾಡಿ ಬಂದು ಹಗಲು ಮಲಗುವವರಿದ್ದರೆ ಮರಿ ತರುವ ಮೊದಲೇ ಹೋಗಿ ಒಂದು ಮಾತು ಹೇಳಿ ಬಾ.

• ಇಲಿ ಹಿಡಿಯುತ್ತದೆ ಅನ್ನುವ ಆಸೆಗೆ ತರಬೇಡ. ನಮ್ಮ ಟಾಮಿಯ ಕತೆ ಕೇಳು. ನನಗೆ ಒಂಬತ್ತೋ ಹತ್ತೋ ವರ್ಷ. ಬಚ್ಚಲ ತೂಬಿನಿಂದ ಹೆಗ್ಗಣ ನುಗ್ಗಿ ಅಮ್ಮನ ರಾಗಿ ಮೂಟೆ ತೂತು ಮಾಡುತ್ತಿತ್ತು. ಒಂದು ರಾತ್ರಿ ಟಾಮಿ ತೂಬಿನ ಎದುರು ಕೂತ. ಬಾಲ ಅಲ್ಲಾಡಲಿಲ್ಲ, ಕಿವಿ ಮಾತ್ರ ನಡುಗುತ್ತಿತ್ತು. ಹೆಗ್ಗಣದ ಮೂತಿ ಕಂಡದ್ದೇ ತಡ, ಕತ್ತಿಗೆ ಬಾಯಿ ಹಾಕಿ ಮೂರು ಸಲ ಒದರಿದ, ಅಷ್ಟೇ. ತಂದು ಅಪ್ಪನ ಗಂಬೂಟಿನ ಪಕ್ಕ ಇಟ್ಟು, ಹೊಗಳಿಕೆಗೂ ಕಾಯದೆ ಮತ್ತೆ ತೂಬಿನ ಎದುರು ಹೋಗಿ ಕೂತ. ಇಡೀ ಲೈನಿನಲ್ಲಿ ಅವನ ಹೆಸರೇ ಹೆಸರು. ಅದೇ ವಾರ ಎದುರು ಮನೆಯವರ ಎರಡು ಕೋಳಿಗೂ ಹಾಗೇ ಮಾಡಿದ, ಅದೇ ಶ್ರದ್ಧೆಯಿಂದ. ಸಂಬಳದ ದಿನ ಅಪ್ಪ ಆ ಕೋಳಿಗಳ ದುಡ್ಡು ಎಣಿಸಿ ಕೊಟ್ಟದ್ದು ಇನ್ನೂ ಕಣ್ಣಮುಂದಿದೆ. ನಿನ್ನ ಮಗನ ಲವ್‌ಬರ್ಡ್ಸ್ ಪಂಜರ ಎಲ್ಲಿ ತೂಗುಹಾಕಿದ್ದೀಯ, ಸ್ವಲ್ಪ ಯೋಚಿಸು.

• ಹಗ್ಗ ಬಿಚ್ಚಿ ಬಿಡಲೇಬೇಡ. ಬೇರೆ ಊರಿನವರಿಗೆ ಇದು ಮಾಮೂಲು ಮಾತು, ನಮ್ಮೂರಿನಲ್ಲಿ ಪ್ರಾಣದ ಮಾತು. 1880ರಿಂದ ಜಾನ್ ಟೇಲರ್ ಕಂಪನಿ ಅಗೆಸಿದ್ದು, ಆಮೇಲೆ ಸರ್ಕಾರ ಅಗೆಸಿದ್ದು, ಎಲ್ಲವೂ ನಮ್ಮ ಕಾಲಡಿಯಲ್ಲೇ ಇದೆ. ಚಾಂಪಿಯನ್ ರೀಫ್ ಗಣಿ ಕಡೆ ಆಳ ಮೂರು ಕಿಲೋಮೀಟರಿಗೂ ಮಿಕ್ಕಿ ಹೋಗಿತ್ತು. ಹೆಗ್ಗಣದ ವಾಸನೆ ಹಿಡಿದ ಟೆರಿಯರ್‌ಗೆ ಬಿಲವೂ ಒಂದೇ, ಬೇಲಿ ಮುರಿದ ಹಳೇ ಶಾಫ್ಟೂ ಒಂದೇ. ಕರೆದರೆ ತಿರುಗಿ ನೋಡುವುದಿಲ್ಲ. ಗಣಿಯ ತ್ಯಾಜ್ಯ ಸುರಿದ ಸೈನೈಡ್ ಗುಡ್ಡದ ಕಡೆಗಂತೂ ವಾಕಿಂಗ್ ಬೇಡವೇ ಬೇಡ. ಆ ಪುಡಿಮಣ್ಣು ತೋಡಲು ಮೆತ್ತಗೆ, ನಾಯಿಗೆ ಖುಷಿ. ತೋಡಿದ ಮೇಲೆ ಕಾಲು ನೆಕ್ಕಿಕೊಳ್ಳುವುದೂ ಅದೇ ತಾನೆ? ಅಲ್ಲಿ ನಿಂತ ಮಳೆನೀರಿಗೆ ಬಾಯಿ ಹಾಕಲು ಬಿಡಬೇಡ. ಬಂಡೆ ಸಂದಿಯಲ್ಲಿ ಹಾವಿದ್ದರೂ ಇದು ಹಿಂದೆ ಸರಿಯುವ ಜಾತಿಯಲ್ಲ. ಬೀದಿನಾಯಿಗಳ ಗುಂಪಿಗೂ ಅಷ್ಟೇ, ತನ್ನ ಅಳತೆ ಮರೆತು ಎದುರು ನಿಲ್ಲುತ್ತದೆ.

• ಜಾಕ್ ರಸೆಲ್ ಬಿಟ್ಟು ಬೇರೆ ಟೆರಿಯರ್ ಆದರೆ? ಯಾರ್ಕ್‌ಷೈರ್ ಮೂರು ಕೆ.ಜಿ. ಆಸುಪಾಸಿನದು, ಓಡಾಟ ಕಮ್ಮಿ ಸಾಕು. ಆದರೆ ಕೂದಲನ್ನು ದಿನಾ ಬಾಚಬೇಕು, ಹಲ್ಲು ಬೇಗ ಹಾಳು, ಗಂಟಲು ಸೂಕ್ಷ್ಮ. ಕುತ್ತಿಗೆಗೆ ಬೆಲ್ಟ್ ಹಾಕಿ ಎಳೆಯಬಾರದು, ಎದೆಗೆ ಹಾಕುವ ಹಾರ್ನೆಸ್ಸೇ ಬೇಕು. ಏಳು ವರ್ಷದ ನಿನ್ನ ಮಗ ಎತ್ತಿ ಕೈಜಾರಿಸಿದರೆ ಅದರ ಕಾಲು ಮುರಿಯುತ್ತದೆ. ವೆಸ್ಟ್ ಹೈಲ್ಯಾಂಡ್ ಬೆಳ್ಳಗೆ ಮುದ್ದಾಗಿದೆ, ಚರ್ಮದ ಅಲರ್ಜಿಗೆ ಹೆಸರಾದದ್ದು. ನಲ್ಲಿ ನೀರಿಗೆ ದಿನ ಎಣಿಸುವ ನಮ್ಮೂರಿನಲ್ಲಿ ಅದಕ್ಕೆ ಔಷಧಿ ಶಾಂಪೂ ಸ್ನಾನ ಮಾಡಿಸುವವರು ಯಾರು?

• ಸೂಜಿಮದ್ದಿನಲ್ಲಿ ಜಿಪುಣತನ ಬೇಡ. ಪಾರ್ವೊ ರೋಗ ಬಂದರೆ ಎರಡು ಮೂರು ದಿನದಲ್ಲಿ ಮರಿ ಕೈಬಿಟ್ಟು ಹೋಗಬಹುದು. ಆರರಿಂದ ಎಂಟು ವಾರದೊಳಗೆ ಮೊದಲ ಸೂಜಿ, ಮೂರು ತಿಂಗಳಿಗೆ ರೇಬೀಸ್‌ದು, ಆಮೇಲೆ ಡಾಕ್ಟರು ಬರೆದುಕೊಟ್ಟ ಹಾಗೆ. ಇಲಿಗೆ ಬಾಯಿ ಹಾಕುವ ನಾಯಿಯಾದ್ದರಿಂದ ಇಲಿಜ್ವರದ ಲಸಿಕೆಯನ್ನು ಕೇಳಿ ಹಾಕಿಸು. ಆ ಜ್ವರ ಮನುಷ್ಯರಿಗೂ ಬರುತ್ತದೆ. ಮನೆಯಲ್ಲಿ ಇಲಿ ಪಾಷಾಣ ಇಡುವಂತಿಲ್ಲ, ಅಕ್ಕಪಕ್ಕದವರು ಇಡುತ್ತಾರೋ ವಿಚಾರಿಸು. ವಿಷ ತಿಂದು ತೂಕಡಿಸುವ ಇಲಿಯೇ ಇದಕ್ಕೆ ಮೊದಲು ಸಿಗುವುದು.

• ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್ ಕೂಡದು. ನಿನ್ನ ಗಂಡ ಬಂಗಾರಪೇಟೆಯಿಂದ ಕಟ್ಟಿಸಿಕೊಂಡು ಬರುವ ಪಾನಿಪುರಿಯಲ್ಲೂ ಅದಕ್ಕೆ ಪಾಲಿಲ್ಲ, ಎಷ್ಟೇ ದೀನವಾಗಿ ನೋಡಲಿ.

• ಮರಿ ಮಾರುವವನು ‘ನಲವತ್ತು ದಿನ ಆಗಿದೆ, ತಗೊಂಡು ಹೋಗಿ’ ಅಂದರೆ ಎದ್ದು ಬಾ. 2017ರ ನಿಯಮದ ಪ್ರಕಾರ ಎಂಟು ವಾರ ತುಂಬದ ಮರಿ ಮಾರುವಂತಿಲ್ಲ, ತಳಿ ಬೆಳೆಸುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು. ತಾಯಿನಾಯಿಯನ್ನು ತೋರಿಸು ಅನ್ನು. ಬಸ್‌ಸ್ಟ್ಯಾಂಡಿನಲ್ಲಿ ತಂದುಕೊಡುತ್ತೇನೆ ಅನ್ನುವವನ ಹತ್ತಿರ ವ್ಯಾಪಾರವೇ ಬೇಡ. ರೈಲಿನ ಜನರಲ್ ಡಬ್ಬಿಯಲ್ಲಿ ಬುಟ್ಟಿಯೊಳಗೆ ಅಡಗಿಸಿ ತರುವ ಉಪಾಯವೂ ಬೇಡ, ಅಲ್ಲಿ ನಾಯಿಗೆ ಅನುಮತಿಯಿಲ್ಲ.

• ಒಂದು ವಾರ ನಾಯಿಯಿಲ್ಲದೆ ನಾಯಿ ಸಾಕಿ ನೋಡು. ರೈಲಿಗೆ ಹೊರಡುವ ಒಂದು ಗಂಟೆ ಮುಂಚೆ ಎದ್ದು ಬರಿಗೈಯಲ್ಲಿ ಹಗ್ಗ ಹಿಡಿದು ನಡೆ. ಜನ ನಗಲಿ. ರಾತ್ರಿ ಬಂದು ಬ್ಯಾಗಿಟ್ಟ ತಕ್ಷಣ ಮತ್ತೆ ನಡೆ. ಗುರುವಾರಕ್ಕೆ ನಿಂತುಹೋದರೆ ಉತ್ತರ ಸಿಕ್ಕಿತು. ಈ ನಾಯಿ 13–14 ವರ್ಷ ಬದುಕುತ್ತದೆ, ನಿನ್ನ ಮಗ ಡಿಗ್ರಿ ಮುಗಿಸುವವರೆಗೂ.

• ನನ್ನನ್ನು ಕೇಳಿದರೆ, ಇಬ್ಬರಲ್ಲಿ ಒಬ್ಬರಿಗೆ ಊರಲ್ಲೇ ಕೆಲಸ ಆಗುವವರೆಗೆ ಟೆರಿಯರ್ ಬೇಡ. ನಾಯಿ ಬೇಕೇ ಬೇಕು ಅಂದರೆ ನಮ್ಮ ಲೈನಿನ ಕೊನೆಯಲ್ಲಿ ನಾಲ್ಕೈದು ವರ್ಷದ ನಾಡುನಾಯಿ ಒಂದಿದೆ. ಸಾಧು, ಹಗಲೆಲ್ಲ ಜಗಲಿ ಮೇಲೆ ಮಲಗುತ್ತದೆ, ಹೊಸಬರು ಬಂದರೆ ಮಾತ್ರ ಎರಡು ಸಲ ಬೊಗಳುತ್ತದೆ. ಸೂಜಿ ಹಾಕಿಸಿ ನಾನೇ ಕರೆದುಕೊಂಡು ಬರುತ್ತೇನೆ.

• ಕೊನೆಗೆ ಒಂದು. ನೀನು, ಅಳಿಯಂದಿರು, ಮಗು ಮೂವರೂ ಒಪ್ಪಿದ್ದೀರಿ ಅಂತ ಬರೆದಿದ್ದೀಯ. ಹಗಲೆಲ್ಲ ಮನೆಯಲ್ಲಿರುವವರು ನಿಮ್ಮ ಅತ್ತೆ, ಮಂಡಿನೋವು ಇಟ್ಟುಕೊಂಡು. ಬಾಗಿಲು ತೆಗೆಯುವವರು, ಉಚ್ಚೆ ಒರೆಸುವವರು, ನಾಯಿಯ ಹಿಂದೆ ಬೀದಿಗೆ ಓಡಬೇಕಾದವರು ಅವರು. ಅವರು ಏನಂದರು?