ಮೊಪೆಡ್ಡಿನ ವಿದ್ಯುತ್ತು: ಹುಟ್ಟುವಳಿ ಎಷ್ಟು, ಖರ್ಚು ಎಷ್ಟು?



1980ರಲ್ಲಿ ಹೊಸೂರಿನ ಕಾರ್ಖಾನೆಯಿಂದ ಟಿವಿಎಸ್ 50 ಬಂದ ಮೇಲೆ ಸಣ್ಣ ಬೆಳೆಗಾರನಿಗೆ ಮೊಪೆಡ್ ಎಂಬುದು ಎರಡು ಚಕ್ರದ ಎತ್ತಿನ ಗಾಡಿಯೇ ಆಯಿತು. ಗೊಬ್ಬರದ ಮೂಟೆ, ಅಡಿಕೆ ಚೀಲ, ಹಾಲಿನ ಕ್ಯಾನು ಎಲ್ಲವೂ ಅದರ ಮೇಲೆಯೇ ಸಾಗುತ್ತವೆ. ಈಗ ಅದಕ್ಕೆ ಇನ್ನೊಂದು ಹೊರೆ ಸೇರಿದೆ. ಮೊಬೈಲ್ ಚಾರ್ಜರ್, ಹೆಚ್ಚುವರಿ ಎಲ್‌ಇಡಿ ದೀಪ, ಜೋರಾದ ಹಾರನ್ನು ಮುಂತಾದವುಗಳ ಈ ಹೊರೆ ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಅದರ ತೂಕವನ್ನು ಯಾರೂ ಲೆಕ್ಕ ಹಾಕುವುದಿಲ್ಲ.

ನಾವೂ ಹಾಕಿರಲಿಲ್ಲ. ಮೈಸೂರಿನ ಸರಸ್ವತಿಪುರಂನಲ್ಲಿ ರೂಮು ಮಾಡಿಕೊಂಡು ಓದುತ್ತಿದ್ದ ನಮ್ಮ ಹುಡುಗ ತನ್ನ ಮೊಪೆಡ್ಡಿಗೆ ಚಾರ್ಜರನ್ನೂ ಒಂದು ಎಲ್‌ಇಡಿ ದೀಪವನ್ನೂ ಹಾಕಿಸಿದ್ದ. ಅಲ್ಲಿನ ಸಮತಟ್ಟಾದ ರಸ್ತೆಯಲ್ಲಿ ಎಲ್ಲವೂ ಚೆನ್ನಾಗಿಯೇ ಇತ್ತು. ಓದು ಮುಗಿದ ಮೇಲೆ ಗಾಡಿ ತೋಟಕ್ಕೆ ಬಂತು. ಒಂದು ಮಳೆಗಾಲದ ರಾತ್ರಿ ಮೂಟೆ ಹೇರಿಕೊಂಡು, ಹುಡುಗನನ್ನು ಹಿಂದೆ ಕೂರಿಸಿಕೊಂಡು ಏರು ಹತ್ತುತ್ತಿದ್ದಾಗ ದೀಪ ಮಂಕಾಗಿ, ತಿರುವಿನಲ್ಲಿ ಅಡ್ಡ ಬಿದ್ದಿದ್ದ ಮರ ಹತ್ತಿರ ಬರುವವರೆಗೂ ಕಾಣಲಿಲ್ಲ. ಇಬ್ಬರೂ ಬಿದ್ದೆವು. ಮಂಡಿ ತರಚಿದ್ದರಲ್ಲಿ ಮುಗಿದದ್ದು ಪುಣ್ಯ. ಮರದ ಜಾಗದಲ್ಲಿ ಆನೆ ನಿಂತಿದ್ದರೆ ಈ ಪಾಠ ಬರೆಯಲು ನಾವು ಇರುತ್ತಿರಲಿಲ್ಲ.

ನಗರದಲ್ಲಿ ಸರಿಯಿದ್ದದ್ದು ತೋಟದಲ್ಲಿ ಏಕೆ ಕೈಕೊಟ್ಟಿತು? ಆಲ್ಟರ್ನೇಟರಿನ ಕೆಲಸ ತಿಳಿದರೆ ಉತ್ತರ ಸಿಗುತ್ತದೆ.

ಇಂಜಿನ್ನಿನ ಜೊತೆ ತಿರುಗುವ ಚಕ್ರದಲ್ಲಿ ಅಯಸ್ಕಾಂತಗಳಿರುತ್ತವೆ. ಅವು ತಾಮ್ರದ ಸುರುಳಿಗಳ ಸುತ್ತ ತಿರುಗುವಾಗ ವಿದ್ಯುತ್ತು ಹುಟ್ಟುತ್ತದೆ. ಇಂಜಿನ್ ವೇಗವಾಗಿ ತಿರುಗಿದರೆ ಹೆಚ್ಚು, ನಿಧಾನವಾದರೆ ಕಡಿಮೆ. ಹಾಗೆಯೇ ಬಿಟ್ಟರೆ ವೇಗದಲ್ಲಿ ವೋಲ್ಟೇಜು ಏರಿ ಬಲ್ಬುಗಳು ಸುಟ್ಟುಹೋಗುತ್ತವೆ. ರೆಗ್ಯುಲೇಟರ್ ಇಲ್ಲದ ಹಳೆಯ ಗಾಡಿಗಳಲ್ಲಿ ಹಿಂದಿನ ಬಲ್ಬು ಹೋದರೆ ಅದರ ಪಾಲೂ ಮುಂದಿನದಕ್ಕೇ ಹರಿದು ಅದೂ ಬೇಗ ಹೋಗುತ್ತಿದ್ದುದು ಹಿರಿಯರಿಗೆ ನೆನಪಿರಬಹುದು.

ಇದನ್ನು ತಡೆಯುವುದೇ ರೆಗ್ಯುಲೇಟರಿನ ಕೆಲಸ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ ಹಳೆಯ ಜಾವಾ ಬೈಕುಗಳಲ್ಲಿ ಡೈನಮೋ ಇತ್ತು. ಅದರ ಕಾಂತಶಕ್ತಿಯನ್ನೇ ತಗ್ಗಿಸಿ ಉತ್ಪತ್ತಿಯನ್ನು ಹಿಡಿತದಲ್ಲಿಡಬಹುದಾಗಿತ್ತು. ಮೊಪೆಡ್ಡಿನ ಅಯಸ್ಕಾಂತ ಶಾಶ್ವತವಾದದ್ದು, ಅದನ್ನು ತಗ್ಗಿಸಲಾಗದು. ಆದ್ದರಿಂದ ಸಾಮಾನ್ಯ ಮೊಪೆಡ್ಡಿನ ರೆಗ್ಯುಲೇಟರ್ ವೋಲ್ಟೇಜು ಸುಮಾರು 14 ದಾಟಿದೊಡನೆ ಹೆಚ್ಚಿನ ಕರೆಂಟನ್ನು ಅರ್ತಿಗೆ ಹರಿಸಿಬಿಡುತ್ತದೆ. ಕೆರೆಗೆ ಕೋಡಿ ಇದ್ದಂತೆ ಇದು. ಸರಸ್ವತಿಪುರಂ ಪಕ್ಕದ ಕುಕ್ಕರಹಳ್ಳಿ ಕೆರೆಯಾಗಲಿ ನಮ್ಮ ತೋಟದ ಕೆರೆಯಾಗಲಿ, ನೀರು ಹೆಚ್ಚಾದಾಗ ಕೋಡಿ ಹರಿದು ಏರಿಯನ್ನು ಉಳಿಸುತ್ತದೆ. ಬೇಸಿಗೆಯಲ್ಲಿ ಕೋಡಿಯಿಂದ ಒಂದು ಕೊಡ ನೀರೂ ಹುಟ್ಟುವುದಿಲ್ಲ. ಅಂತೆಯೇ ರೆಗ್ಯುಲೇಟರ್ ಹೆಚ್ಚಾದದ್ದನ್ನು ಕಳೆಯುತ್ತದೆಯೇ ಹೊರತು ಇಲ್ಲದ್ದನ್ನು ಕೊಡುವುದಿಲ್ಲ. ‘ದೊಡ್ಡ ರೆಗ್ಯುಲೇಟರ್ ಹಾಕಿಸಿದರೆ ಬೆಳಕು ಹೆಚ್ಚುತ್ತದೆ’ ಎಂಬುದು ತಪ್ಪು ತಿಳಿವಳಿಕೆ.

ಈಗ ಲೆಕ್ಕಕ್ಕೆ ಬರೋಣ. ಒಂದು ಗಾಡಿಯ ಆಲ್ಟರ್ನೇಟರ್ ವೇಗದಲ್ಲಿ 70 ವ್ಯಾಟ್, ನಿಧಾನದಲ್ಲಿ 40 ವ್ಯಾಟ್ ಕೊಡುತ್ತದೆ ಎಂದಿಟ್ಟುಕೊಳ್ಳಿ. ಹೆಡ್‌ಲೈಟಿಗೆ 35, ಹಿಂದಿನ ದೀಪಕ್ಕೆ 5, ಒಟ್ಟು 40. ಅಲ್ಲಿಗೆ ಸರಿಹೋಯಿತು. ಇದಕ್ಕೆ 20 ವ್ಯಾಟ್ ಎಲ್‌ಇಡಿ, 12 ವ್ಯಾಟ್ ಚಾರ್ಜರ್ ಸೇರಿದರೆ ಖರ್ಚು 72. ಬಯಲು ರಸ್ತೆಯಲ್ಲಿ ಕೊರತೆ 2 ವ್ಯಾಟ್ ಮಾತ್ರ, ತಿಳಿಯುವುದೇ ಇಲ್ಲ. ಗೇರಿಲ್ಲದ ಮೊಪೆಡ್ ಭಾರ ಹೊತ್ತು ಏರು ಹತ್ತುವಾಗ ಇಂಜಿನ್ ನಿಧಾನವಾಗಿ ಕೊರತೆ 32 ವ್ಯಾಟ್ ಆಗುತ್ತದೆ. ಇದನ್ನು ಬ್ಯಾಟರಿ ತುಂಬಬೇಕು. 12 ವೋಲ್ಟಿನಲ್ಲಿ ಅದು 2.7 ಆಂಪಿಯರ್. 3 ಆಂಪಿಯರ್-ಅವರ್‌ನ ಹೊಸ ಬ್ಯಾಟರಿಯೂ ಒಂದು ಗಂಟೆಗೇ ಬರಿದಾಗುತ್ತದೆ. ದಿನವೂ ಅರ್ಧ ಮೈಲಿ ಓಡಾಡುವ ಗಾಡಿಯ ಬ್ಯಾಟರಿ ತುಂಬುವುದೇ ಇಲ್ಲ. ಸಾಲದ್ದಕ್ಕೆ 2017ರ ಏಪ್ರಿಲ್‌ನಿಂದ ಬಂದ ನಿಯಮದಂತೆ ಹೊಸ ಗಾಡಿಗಳಲ್ಲಿ ಇಂಜಿನ್ ಓಡುವಷ್ಟು ಹೊತ್ತೂ, ಹಗಲಿನಲ್ಲಿಯೂ, ಹೆಡ್‌ಲೈಟ್ ಉರಿಯುತ್ತಿರುತ್ತದೆ. ನಮ್ಮ ಗಾಡಿಯಲ್ಲಿ ಆದದ್ದು ಇಷ್ಟೇ.

ಪರೀಕ್ಷೆ ಸುಲಭ. ಒಂದು ಮಲ್ಟಿಮೀಟರನ್ನು ಬ್ಯಾಟರಿಯ ಎರಡು ತುದಿಗೆ ಹಿಡಿಯಿರಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.5 ವೋಲ್ಟಿಗೆ ಕಡಿಮೆ ಇರಕೂಡದು. ಇಂಜಿನ್ ಮಧ್ಯಮ ವೇಗದಲ್ಲಿರುವಾಗ, ದೀಪ ಉರಿಯುತ್ತಿದ್ದಂತೆಯೇ, 13.5ರಿಂದ 14.5 ತೋರಿಸಬೇಕು. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ ಅಥವಾ ಅದರ ಅರ್ತ್ ಬಿಟ್ಟಿದೆ. 13ನ್ನೂ ಮುಟ್ಟದಿದ್ದರೆ ಹೊರೆ ಹೆಚ್ಚಾಗಿರಬಹುದು, ಸುರುಳಿ ಸುಟ್ಟಿರಬಹುದು ಅಥವಾ ಜೋಡಣೆಗಳಿಗೆ ತುಕ್ಕು ಹಿಡಿದಿರಬಹುದು. ತುಕ್ಕಿನ ಮಾತು ನಮಗೆ ವಿಶೇಷವಾಗಿ ಅನ್ವಯಿಸುತ್ತದೆ. ಬೋರ್ಡೋ ಸಿಂಪರಣೆಗೆ ಮೈಲುತುತ್ತನ್ನು ಮೊಪೆಡ್ಡಿನಲ್ಲಿಯೇ ತರುತ್ತೇವೆ. ಅದರ ಪುಡಿ ಮಳೆನೀರಿನಲ್ಲಿ ಕರಗಿ ತಗುಲಿದರೆ ಕಬ್ಬಿಣವನ್ನು ತಿಂದುಹಾಕುತ್ತದೆ, ಅರ್ತಿನ ಬೋಲ್ಟನ್ನೂ ಬಿಡುವುದಿಲ್ಲ.

ನೆನಪಿಡಬೇಕಾದ ಅಂಶಗಳು:

1. ಹೊಸದೇನನ್ನಾದರೂ ಹಾಕಿಸುವ ಮುನ್ನ ನಿಮ್ಮ ಗಾಡಿಯ ಆಲ್ಟರ್ನೇಟರ್ ಎಷ್ಟು ವ್ಯಾಟಿನದೆಂದು ಕೇಳಿ ತಿಳಿಯಿರಿ. ಎಲ್ಲ ಖರ್ಚನ್ನೂ ಕೂಡಿಸಿ, ನಿಧಾನ ವೇಗದ ಉತ್ಪತ್ತಿಗೆ ಹೋಲಿಸಿ ನೋಡಿ.

2. ಕೆಲವು ಗಾಡಿಗಳಲ್ಲಿ ಹೆಡ್‌ಲೈಟಿನ ಲೈನು ಎಸಿ, ಬ್ಯಾಟರಿಯ ಲೈನು ಮಾತ್ರ ಡಿಸಿ. ಚಾರ್ಜರನ್ನು ಹೆಡ್‌ಲೈಟಿನ ತಂತಿಗೆ ಸೇರಿಸಕೂಡದು.

3. ಬ್ಯಾಟರಿಯಿಂದ ಬರುವ ಹೊಸ ತಂತಿಗೆ, ಬ್ಯಾಟರಿಯ ಹತ್ತಿರವೇ, ಹೊರೆಗೆ ತಕ್ಕ ಫ್ಯೂಸ್ ಇರಲೇಬೇಕು. ಮೇಲಿನ ಎಲ್‌ಇಡಿ ಮತ್ತು ಚಾರ್ಜರಿಗೆ 5 ಆಂಪಿಯರ್ ಸಾಕು. ಫ್ಯೂಸಿಲ್ಲದ ತಂತಿ ಉಜ್ಜಿ ಬಾಡಿಗೆ ತಗುಲಿದರೆ ಪೆಟ್ರೋಲ್ ಟ್ಯಾಂಕಿನ ಕೆಳಗೇ ಬೆಂಕಿ ಏಳಬಹುದು.

4. ಕೀ ತೆಗೆದರೆ ಇವೆಲ್ಲ ಆರುವಂತೆ ಜೋಡಿಸಿ. ಪ್ರತಿಯೊಂದಕ್ಕೂ ಬೇರೆ ಸ್ವಿಚ್ಚು ಇರಲಿ.

5. ರೆಗ್ಯುಲೇಟರ್ ಕೆಲಸ ಮಾಡುವಾಗ ಬಿಸಿಯಾಗುತ್ತದೆ. ಅದಕ್ಕೆ ಗಾಳಿ ತಗುಲಲಿ, ಗೋಣಿ ಮುಚ್ಚಬೇಡಿ. ಮಳೆಗಾಲಕ್ಕೆ ಮೊದಲು ಅರ್ತಿನ ಬೋಲ್ಟನ್ನು ಬಿಚ್ಚಿ, ಉಜ್ಜಿ, ಗ್ರೀಸು ಹಚ್ಚಿ ಬಿಗಿ ಮಾಡಿ.

6. ರಾತ್ರಿ ಏರು ಹತ್ತುವಾಗ ಚಾರ್ಜರ್ ಆರಿಸಿ. ಮೊಬೈಲ್ ಮನೆಯಲ್ಲಿ ಚಾರ್ಜ್ ಆಗಲಿ, ದಾರಿಯ ಬೆಳಕು ದಾರಿಗೇ ಇರಲಿ.

ನಾವು ಆ ಎಲ್‌ಇಡಿ ದೀಪವನ್ನು ಬಿಚ್ಚಿಟ್ಟೆವು. ಈಗ ಜೇಬಿನಲ್ಲಿ ಒಂದು ಟಾರ್ಚು ಇರುತ್ತದೆ. ತಿರುವಿಗೆ ಮೊದಲು ಗಾಡಿ ನಿಲ್ಲಿಸಿ, ಅದನ್ನು ಬಿಟ್ಟು ನೋಡಿ ಮುಂದೆ ಹೋಗುತ್ತೇವೆ.