ಎಂಜಿನ್ನಿಗೆ ಉಸಿರು ತುಂಬುವ ಟರ್ಬೋ

ಶಿರಾಡಿ ಘಾಟಿಯನ್ನು ಹತ್ತಿ ಸಕಲೇಶಪುರದ ಕಡೆಗೆ ಬರುವ ಲಾರಿಗಳ ಸದ್ದನ್ನು ಗಮನವಿಟ್ಟು ಕೇಳಿದವರಿಗೆ ಒಂದು ಸಂಗತಿ ತಿಳಿದಿರುತ್ತದೆ. ಎಂಜಿನ್ನಿನ ಗುಡುಗಿನ ನಡುವೆ ಸಣ್ಣದೊಂದು ಸಿಳ್ಳು ಕೇಳಿಸುತ್ತದೆ. ಚಾಲಕನು ಗೇರು ಬದಲಿಸಲೆಂದು ಕಾಲೆತ್ತಿದರೆ ಸಿಳ್ಳು ಅಡಗುತ್ತದೆ. ಮತ್ತೆ ಒತ್ತಿದರೆ ಏರುತ್ತದೆ. ಹಾಗೆ ಸಿಳ್ಳು ಹಾಕುವುದೇ ಟರ್ಬೋ ಚಾರ್ಜರು. ಇಂದು ರಸ್ತೆಯ ಮೇಲಿನ ಬಹುಪಾಲು ಲಾರಿ ಬಸ್ಸುಗಳಲ್ಲಿ ಇದು ಇದ್ದೇ ಇದೆ. ಅದು ಏನು ಮಾಡುತ್ತದೆ, ಅದನ್ನು ನಮ್ಮ ಊರಿನ ಗ್ಯಾರೇಜಿನಲ್ಲಿ ಒಂದು ಪೆಟ್ರೋಲು ಕಾರಿಗೆ ಕೂಡಿಸಬಹುದೆ ಎಂಬುದೇ ಈ ಲೇಖನದ ವಿಷಯ.

ಎಂಜಿನ್ನು ಪೆಟ್ರೋಲಿನಿಂದ ಓಡುತ್ತದೆ ಎನ್ನುವುದು ಅರ್ಧ ಮಾತು. ತೂಕದಲ್ಲಿ ಒಂದು ಪಾಲು ಶುದ್ಧ ಪೆಟ್ರೋಲು ಪೂರ್ತಿಯಾಗಿ ಉರಿಯಬೇಕಾದರೆ ಹದಿನಾಲ್ಕೂವರೆ ಪಾಲಿಗಿಂತ ತುಸು ಹೆಚ್ಚು ಗಾಳಿ ಬೇಕು. ಅಳತೆಯಲ್ಲಿ ಹೇಳುವುದಾದರೆ, ಒಂದು ಲೀಟರು ಪೆಟ್ರೋಲಿಗೆ ಹಾಸನದ ಗಾಳಿ ಹತ್ತು ಸಾವಿರ ಲೀಟರು! ಪೆಟ್ರೋಲನ್ನು ಹೆಚ್ಚಿಗೆ ಸುರಿಯುವುದು ಯಾರಿಗೂ ಕಷ್ಟವಲ್ಲ. ಗಾಳಿಯನ್ನು ಒಳಗೆ ಸೇರಿಸುವುದೇ ಕಷ್ಟ.

ಹಾಸನದ ಗಾಳಿ ಎಂದು ಬೇಕೆಂದೇ ಹೇಳಿದೆ. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು ೯೫೦ ಮೀಟರು ಎತ್ತರದಲ್ಲಿದೆ. ಇಲ್ಲಿ ವಾಯುವಿನ ಒತ್ತಡ ಮಂಗಳೂರಿನಲ್ಲಿರುವುದಕ್ಕಿಂತ ಹತ್ತರಲ್ಲೊಂದು ಪಾಲು ಕಡಮೆ. ಸಿಲಿಂಡರು ಎಷ್ಟು ದೊಡ್ಡದೋ ಅಷ್ಟೇ ಗಾಳಿಯನ್ನು ಎಳೆದುಕೊಳ್ಳುತ್ತದೆ, ಆದರೆ ಆ ಗಾಳಿ ತೆಳುವು. ಆದ್ದರಿಂದ ಕಡಲ ತೀರದಲ್ಲಿ ೩೭ ಅಶ್ವಶಕ್ತಿ ಕೊಡುವ ಎಂಜಿನ್ನು ಹಾಸನದಲ್ಲಿ ೩೩ ಕೊಟ್ಟರೆ ಅದರದೇನೂ ತಪ್ಪಿಲ್ಲ.

ಈ ೩೭ ಎಂಬ ಸಂಖ್ಯೆ ಕಾರ್ಬುರೇಟರಿರುವ ಹಳೆಯ ಮಾರುತಿ ೮೦೦ ಕಾರಿನದು. ನನ್ನ ಸೋದರಮಾವನ ಮಗ ಚನ್ನರಾಯಪಟ್ಟಣದಲ್ಲಿ ಗ್ಯಾರೇಜು ಇಟ್ಟಿದ್ದಾರೆ. ಇಂಥದೊಂದು ಕಾರಿನ ಹಿಂದಿನ ಸೀಟನ್ನು ಕಿತ್ತು, ಇಬ್ಬರೇ ಕೂರುವ ಸ್ಪೋರ್ಟ್ಸ್ ಕಾರು ಮಾಡಬೇಕು, ಅದಕ್ಕೆ ಗುಜರಿಯಿಂದ ತಂದ ಟರ್ಬೋ ಕೂಡಿಸಬೇಕು ಎಂಬುದು ಅವರ ಬಹುದಿನದ ಆಸೆ. ಎರಡು ವರ್ಷ ಚೀಟಿ ಕಟ್ಟಿ ಅದಕ್ಕೆಂದೇ ಹಣ ಕೂಡಿಹಾಕಿದ್ದಾರೆ. "ಓದಿದೋನು ನೀನು, ಲೆಕ್ಕ ಹಾಕಿ ಹೇಳಪ್ಪ. ಎಂಜಿನ್ ತಡೀತದೋ, ಒಡೀತದೋ?" ಎಂದು ಕೇಳಿದರು. ನಾನು ಓದುವುದು ಇತಿಹಾಸ ಮತ್ತು ಅರ್ಥಶಾಸ್ತ್ರ. ಆದರೂ ಭಾವ ಕೇಳಿದ ಮೇಲೆ, ಅದರಲ್ಲೂ ಚೀಟಿಯ ಹಣದ ಮಾತಾದ ಮೇಲೆ, ಉಡಾಫೆಯ ಉತ್ತರ ಕೊಡುವಂತಿಲ್ಲ. ರಜೆಯಲ್ಲಿ ಅರಕಲಗೂಡಿಗೆ ಹೋದಾಗ ಭೌತಶಾಸ್ತ್ರದ ಪುಸ್ತಕಗಳನ್ನು ಎರವಲು ತಂದು ಕುಳಿತೆ.

ಎಂಜಿನ್ನಿನಲ್ಲಿ ಉರಿದ ಇಂಧನದ ಶಕ್ತಿಯಲ್ಲಿ ಸುಮಾರು ಮೂರರಲ್ಲೊಂದು ಪಾಲು ಬಿಸಿ ಹೊಗೆಯಾಗಿ ಸೈಲೆನ್ಸರಿನಿಂದ ಹೊರಟುಹೋಗುತ್ತದೆ. ಆ ಹೊಗೆಯ ದಾರಿಯಲ್ಲಿ ರೆಕ್ಕೆಗಳುಳ್ಳ ಚಿಕ್ಕ ಚಕ್ರವೊಂದನ್ನು ಇಟ್ಟರೆ ಅದು ಗಿರ್ರನೆ ತಿರುಗುತ್ತದೆ. ಅದೇ ದಂಡದ ಇನ್ನೊಂದು ತುದಿಗೆ ಮತ್ತೊಂದು ಚಕ್ರವಿದ್ದು, ಅದು ಹೊರಗಿನ ಗಾಳಿಯನ್ನು ಹಿಡಿದು ಒತ್ತಿ ಎಂಜಿನ್ನಿನೊಳಕ್ಕೆ ನೂಕುತ್ತದೆ. ಹೊರಗೆ ಹೋಗುವ ಉಸಿರು ಒಳಗೆ ಬರುವ ಉಸಿರಿಗೆ ತಿದಿಯೊತ್ತುತ್ತದೆ ಎನ್ನಬಹುದು. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬೂಶಿ ಎಂಬ ಎಂಜಿನಿಯರು ಇದಕ್ಕೆ ೧೯೦೫ರಲ್ಲಿಯೇ ಪೇಟೆಂಟು ಪಡೆದ. ಹಡಗಿನ ಡೀಸೆಲ್ ಎಂಜಿನ್ನುಗಳಲ್ಲಿ ಅದು ನೆಲೆನಿಂತದ್ದು ೧೯೨೦ರ ದಶಕದಲ್ಲಿ.

ಎತ್ತರದ ಊರಿನವರಾದ ನಮಗೆ ಹೆಚ್ಚು ರುಚಿಸತಕ್ಕದ್ದು ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ೧೯೧೮ರಲ್ಲಿ ನಡೆಸಿದ ಪ್ರಯೋಗ. ಆತ ಲಿಬರ್ಟಿ ಎಂಬ ವಿಮಾನದ ಎಂಜಿನ್ನನ್ನು ಲಾರಿಯ ಮೇಲೆ ಹೇರಿಕೊಂಡು ಪೈಕ್ಸ್ ಪೀಕ್ ಎಂಬ ಪರ್ವತದ ನೆತ್ತಿಗೆ, ಅಂದರೆ ೪೩೦೦ ಮೀಟರು ಎತ್ತರಕ್ಕೆ, ಹೋದ. ಕೆಳಗೆ ೩೫೦ ಅಶ್ವಶಕ್ತಿ ಕೊಟ್ಟಿದ್ದ ಎಂಜಿನ್ನು ಮೇಲೆ ೨೩೦ಕ್ಕೆ ಇಳಿಯಿತು. ಟರ್ಬೋ ಕೂಡಿಸಿದೊಡನೆ ೩೫೬ಕ್ಕೆ ಏರಿತು. ಪರ್ವತ ಕಸಿದುಕೊಂಡಿದ್ದನ್ನೆಲ್ಲ ಹೊಗೆ ಹಿಂದಕ್ಕೆ ಕೊಟ್ಟಿತು.

ಗುಜರಿಯ ಮಾತು ಬಂದಾಗ ನಮ್ಮ ನಾಡಿನ ಒಂದು ನಿಜವಾದ ಸಾಹಸವನ್ನು ಇಲ್ಲಿ ಹೇಳದೆ ಇರಲಾರೆ. ಎರಡನೆಯ ಮಹಾಯುದ್ಧ ಮುಗಿದಾಗ ಲಿಬರೇಟರ್ ಎಂಬ ಭಾರಿ ಬಾಂಬರು ವಿಮಾನಗಳನ್ನು ಕಾನ್ಪುರದಲ್ಲಿ ಬಿಟ್ಟುಹೋದರು. ಬಿಟ್ಟುಹೋಗುವ ಮುನ್ನ, ಮುಂದೆ ಯಾರಿಗೂ ಉಪಯೋಗಕ್ಕೆ ಬರಬಾರದೆಂದು ಅವನ್ನು ಕೆಡಿಸಿದ್ದರು. ೧೯೪೮ರಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯವರು ಅಲ್ಲಿಗೆ ಹೋಗಿ, ಹಾರುವಷ್ಟರ ಮಟ್ಟಿಗೆ ಒಂದೊಂದನ್ನೇ ರಿಪೇರಿ ಮಾಡಿ ಬೆಂಗಳೂರಿಗೆ ಹಾರಿಸಿಕೊಂಡು ಬಂದು, ಇಲ್ಲಿ ಪೂರ್ತಿಯಾಗಿ ಸರಿಪಡಿಸಿ ವಾಯುಪಡೆಗೆ ಒಪ್ಪಿಸಿದರು. ಅವು ೧೯೬೮ರವರೆಗೆ ಸೇವೆಯಲ್ಲಿದ್ದವು. ಒಂದೊಂದು ಲಿಬರೇಟರಿಗೆ ನಾಲ್ಕು ಎಂಜಿನ್ನು. ಒಂದೊಂದು ಎಂಜಿನ್ನಿಗೂ ಒಂದೊಂದು ಟರ್ಬೋ. ಗುಜರಿಯಿಂದ ಎತ್ತಿದ ಟರ್ಬೋ ಕೆಲಸಕ್ಕೆ ಬಾರದು ಎಂದು ಮೂಗು ಮುರಿಯುವವರಿಗೆ ಭಾವ ಈಗ ಈ ಕಥೆಯನ್ನೇ ಹೇಳುತ್ತಾರೆ. ಆ ಕಾರ್ಖಾನೆಯಲ್ಲಿ ಯುದ್ಧಕಾಲದ ಕೆಲಸದಲ್ಲಿ ಪಳಗಿದ ನುರಿತ ಕೈಗಳೂ ಬೇಕಾದ ಅಳತೆಯ ಸಲಕರಣೆಗಳೂ ಇದ್ದವು ಎಂಬುದನ್ನು ಮಾತ್ರ ನಾನೇ ನೆನಪಿಸಬೇಕಾಗುತ್ತದೆ.

ಮನೆಯಲ್ಲಿ ಮಾಡುವುದು ಎಂದರೆ ಯಾವುದನ್ನು? ಟರ್ಬೋವನ್ನಲ್ಲ. ಸಣ್ಣ ಕಾರಿನ ಟರ್ಬೋ ನಿಮಿಷಕ್ಕೆ ಲಕ್ಷಕ್ಕೂ ಮಿಕ್ಕಿ ಸುತ್ತು ಹಾಕುತ್ತದೆ. ಆ ವೇಗದಲ್ಲಿ ಒಂದು ಕೂದಲಿನಷ್ಟು ತೂಕ ಒಂದು ಕಡೆ ಹೆಚ್ಚಾದರೂ ಬೇರಿಂಗು ಉಳಿಯದು. ಹೊಳೆನರಸೀಪುರದಲ್ಲಿ ನಮಗೆ ಗೊತ್ತಿರುವ ಲೇತ್ ಮೇಸ್ತ್ರಿಯವರನ್ನು ಕೇಳಿದಾಗ, "ಫ್ಲೇಂಜು, ಪೈಪು, ಬೋಲ್ಟು ಏನ್ ಬೇಕಾದ್ರೂ ಮಾಡ್ಕೊಡ್ತೀನಿ ಸ್ವಾಮಿ, ಆ ಚಕ್ರ ಮಾತ್ರ ಕೇಳ್ಬೇಡಿ" ಎಂದುಬಿಟ್ಟರು. ಅವರ ಮಾತು ಸರಿ. ಚಕ್ರವನ್ನು ಕೊಳ್ಳಬೇಕು; ಅದರ ಸುತ್ತಲಿನ ಸಂಸಾರವನ್ನು ನಾವು ಕಟ್ಟಬೇಕು.

ಕೊಳ್ಳುವಾಗಲೂ ಎಂಜಿನ್ನಿನ ಉಸಿರಿಗೆ ತಕ್ಕದ್ದನ್ನು ಕೊಳ್ಳಬೇಕು. ಮಾರುತಿಯದು ೭೯೬ ಘನ ಸೆಂಟಿಮೀಟರಿನ ಮೂರು ಸಿಲಿಂಡರು. ಎರಡು ಸುತ್ತಿಗೊಮ್ಮೆ ತುಂಬಿಕೊಳ್ಳುವ ಈ ಎಂಜಿನ್ನು ನಿಮಿಷಕ್ಕೆ ೫೦೦೦ ಸುತ್ತು ತಿರುಗಿದಾಗ, ನೂರಕ್ಕೆ ಎಂಬತ್ತು ಪಾಲು ತುಂಬಿತೆಂದರೂ, ಸೇದುವ ಗಾಳಿ ಸುಮಾರು ೧೬೦೦ ಲೀಟರು. ದೊಡ್ಡ ಡೀಸೆಲ್ ಜೀಪಿನ ಟರ್ಬೋ ತಂದು ಕೂಡಿಸಿದರೆ ಇಷ್ಟು ಉಸಿರಿಗೆ ಅದು ಮೈಮುರಿದು ಏಳುವಷ್ಟರಲ್ಲಿ ರಸ್ತೆ ಮುಗಿದಿರುತ್ತದೆ. ಮತ್ತೊಂದು ಸಂಗತಿ: ಡೀಸೆಲಿನ ಹೊಗೆಗಿಂತ ಪೆಟ್ರೋಲಿನ ಹೊಗೆ ಹೆಚ್ಚು ಬಿಸಿ, ಎಂಜಿನ್ನು ಪೂರ್ತಿ ದುಡಿಯುವಾಗ ೯೦೦ ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿಗೆ ಹೋಗುತ್ತದೆ. ಡೀಸೆಲಿಗೆಂದು ಮಾಡಿದ ಚಕ್ರ ಅದನ್ನು ಬಹುಕಾಲ ತಾಳುತ್ತದೆಂದು ನಂಬಬಾರದು.

ಈಗ ಲೆಕ್ಕಕ್ಕೆ ಬರೋಣ. ಹಾಸನದ ವಾಯುವಿನ ಒತ್ತಡ ೦.೯ ಬಾರ್. ಅದರ ಮೇಲೆ ಟರ್ಬೋ ೦.೪ ಬಾರ್ ಸೇರಿಸುತ್ತದೆ ಎಂದುಕೊಳ್ಳಿ, ಒತ್ತಡ ೧.೪೪ ಪಟ್ಟಾಯಿತು. ಶಕ್ತಿಯೂ ೧.೪೪ ಪಟ್ಟಾಯಿತೆಂದು ಭಾವ ಕುಣಿದರು. ಇಲ್ಲಿಯೇ ಇರುವುದು ತೊಡಕು. ಸೈಕಲ್ ಪಂಪನ್ನು ಹತ್ತು ಸಲ ಒತ್ತಿ ತುದಿಯನ್ನು ಮುಟ್ಟಿ ನೋಡಿದವರಿಗೆ ಗೊತ್ತಿದೆ: ಒತ್ತಿದ ಗಾಳಿ ಬಿಸಿಯಾಗುತ್ತದೆ, ಬಿಸಿಯಾದ ಗಾಳಿ ಹಿಗ್ಗುತ್ತದೆ. ೩೦ ಡಿಗ್ರಿಯ ಗಾಳಿ ಸಾಧಾರಣ ದಕ್ಷತೆಯ ಟರ್ಬೋದಿಂದ ಹೊರಬೀಳುವಾಗ ೮೦ ಡಿಗ್ರಿ ದಾಟಿರುತ್ತದೆ. ಹಿಗ್ಗಿದ್ದನ್ನು ಕಳೆದರೆ ನಿಜವಾಗಿ ಹೆಚ್ಚಾದ ಗಾಳಿ ನೂರಕ್ಕೆ ೨೩ ಮಾತ್ರ. ನಡುವೆ ಇಂಟರ್‌ಕೂಲರ್ ಎಂಬ ರೇಡಿಯೇಟರನ್ನಿಟ್ಟು ೪೫ ಡಿಗ್ರಿಗೆ ತಣಿಸಿದರೆ ನೂರಕ್ಕೆ ೩೭. ಅಂದರೆ ನಮ್ಮ ೩೩ ಅಶ್ವಶಕ್ತಿ ತಣಿಸದಿದ್ದರೆ ೪೧, ತಣಿಸಿದರೆ ೪೫. ಹೊಗೆಗೆ ಅಡ್ಡ ನಿಂತ ಚಕ್ರ ತನ್ನ ಸುಂಕವನ್ನು ವಸೂಲು ಮಾಡುವುದರಿಂದ ಇದರಲ್ಲೂ ಕೊಂಚ ಹೋಗುತ್ತದೆ. ಮೊದಲ ನಾಲ್ಕು ಅಶ್ವಶಕ್ತಿಯಂತೂ ನಮ್ಮ ಊರಿನ ಎತ್ತರದ ಸಾಲ ತೀರಿಸುವುದಕ್ಕೇ ಸರಿ!

ಹಾಗಾದರೆ ಒತ್ತಡವನ್ನು ಇನ್ನೂ ಏರಿಸಬಾರದೇಕೆ? ನಾಕಿಂಗ್ ಎಂಬ ರೋಗವಿರುವುದರಿಂದ. ಸಿಲಿಂಡರಿನಲ್ಲಿ ಕಿಡಿಯಿಂದ ಹೊರಟ ಜ್ವಾಲೆ ಮೂಲೆ ಮುಟ್ಟುವ ಮುನ್ನವೇ, ಅಲ್ಲಿ ಒತ್ತಿಕೊಂಡು ಬಿಸಿಯಾಗಿದ್ದ ಮಿಶ್ರಣ ತನ್ನಷ್ಟಕ್ಕೆ ತಾನೇ ಸಿಡಿಯುತ್ತದೆ. ಹೊರಗೆ ನಿಂತವರಿಗೆ ಡಬ್ಬದಲ್ಲಿ ಗೋಲಿ ಅಲ್ಲಾಡಿಸಿದಂತೆ ಕೇಳಿಸುತ್ತದೆ. ಒಳಗೆ ಪಿಸ್ಟನ್ನಿನ ತಲೆ ಕರಗುತ್ತಿರುತ್ತದೆ. ಟರ್ಬೋ ಇಲ್ಲದ ಎಂಜಿನ್ನಿನ ಪಿಸ್ಟನ್ನು ಗಾಳಿಯನ್ನು ಎಂಟು ಒಂಬತ್ತರಲ್ಲಿ ಒಂದು ಪಾಲಿಗೆ ಒತ್ತುವಂತೆ ರಚಿತವಾದದ್ದು. ಮೊದಲೇ ಒತ್ತಿದ ಗಾಳಿಯನ್ನು ಅದಕ್ಕೆ ಕೊಟ್ಟರೆ ಒತ್ತಿನ ಮೇಲೆ ಒತ್ತು. ಸುಜುಕಿ ಕಂಪೆನಿಯವರೇ ೧೯೮೭ರಲ್ಲಿ ಜಪಾನಿನಲ್ಲಿ ಆಲ್ಟೋ ವರ್ಕ್ಸ್ ಎಂಬ ಕಾರು ಹೊರತಂದರು. ಬರೀ ೫೪೩ ಘನ ಸೆಂಟಿಮೀಟರಿನಲ್ಲಿ ೬೪ ಅಶ್ವಶಕ್ತಿ! ಆದರೆ ಅದರ ಎಂಜಿನ್ನನ್ನು ಟರ್ಬೋಗೆಂದೇ ಅಣಿಗೊಳಿಸಿದ್ದರು. ನಾವು ಮಾಡಹೊರಟಿರುವುದು ಹಾಗಲ್ಲ, ಬೇರೆಯ ಬಾಳಿಗೆಂದು ಹುಟ್ಟಿದ ಎಂಜಿನ್ನಿಗೆ ಹೊಸ ಹೊರೆ.

೧೯೬೨ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬೈಲ್ ಕಂಪೆನಿಯವರು ಜೆಟ್‌ಫೈರ್ ಎಂಬ ಕಾರಿಗೆ ಟರ್ಬೋ ಇಟ್ಟರು. ಮಾರಾಟಕ್ಕೆ ಬಂದ ಮೊದಲ ಟರ್ಬೋ ಕಾರುಗಳಲ್ಲಿ ಅದೊಂದು. ನಾಕಿಂಗ್ ತಡೆಯಲು ನೀರು ಮತ್ತು ಮದ್ಯಸಾರದ ಮಿಶ್ರಣವನ್ನು ಬೇರೆ ತೊಟ್ಟಿಯಿಂದ ಎಂಜಿನ್ನಿಗೆ ಸಿಂಪಡಿಸುವ ಏರ್ಪಾಡಿತ್ತು. ಕೊಂಡವರು ತೊಟ್ಟಿ ತುಂಬಿಸಲು ಮರೆಯುತ್ತಿದ್ದರು. ಕೊನೆಗೆ ಕಂಪೆನಿಯೇ ಎಷ್ಟೋ ಕಾರುಗಳಿಂದ ಟರ್ಬೋವನ್ನು ಕಳಚಿಕೊಡಬೇಕಾಯಿತು. ಈಗ ನಮ್ಮ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರವರೆಗೆ ಎಥನಾಲ್, ಅಂದರೆ ಒಂದು ಬಗೆಯ ಮದ್ಯಸಾರ, ಬೆರೆತೇ ಬರುತ್ತದೆ. ನಾಕಿಂಗಿಗೆ ಇದು ಒಳ್ಳೆಯ ಮದ್ದೆಂಬುದು ನಿಜ. ಆದರೆ ಅದಕ್ಕೆ ತಕ್ಕಂತೆ ಕಾರ್ಬುರೇಟರಿನ ಜೆಟ್ಟನ್ನು ದೊಡ್ಡದು ಮಾಡದಿದ್ದರೆ ಮಿಶ್ರಣ ತೆಳುವಾಗಿ, ಬಂದ ಲಾಭ ಹಾಗೆಯೇ ಹೋಗುತ್ತದೆ. ಹಳೆಯ ರಬ್ಬರು ಪೈಪುಗಳನ್ನೂ ಬದಲಿಸಬೇಕು.

ಕಾರ್ಬುರೇಟರಿನದು ಬೇರೆಯೇ ತಕರಾರು. ಅದನ್ನು ಟರ್ಬೋಗಿಂತ ಮುಂಚೆ ಇಟ್ಟರೆ ಕೆಲಸ ಸುಲಭ. ಆದರೆ ಪೆಟ್ರೋಲು ಬೆರೆತ ಗಾಳಿಯನ್ನು ಇಂಟರ್‌ಕೂಲರಿನಲ್ಲಿ ತುಂಬುವುದು ಬಾಂಬಿನ ಪಕ್ಕದಲ್ಲಿ ಕೂತಂತೆ. ಟರ್ಬೋ ಆದಮೇಲೆ ಇಟ್ಟರೆ ಗಾಳಿಯ ಒತ್ತಡ ಪೆಟ್ರೋಲನ್ನು ಹಿಂದಕ್ಕೆ ತಳ್ಳುತ್ತದೆ. ಆದ್ದರಿಂದ ಫ್ಲೋಟಿನ ಬಟ್ಟಲಿಗೂ ಅದೇ ಒತ್ತಡದ ಗಾಳಿಯನ್ನು ಕೊಟ್ಟು, ಪೆಟ್ರೋಲ್ ಪಂಪಿನ ಒತ್ತಡವನ್ನು ಅದಕ್ಕಿಂತ ಮೇಲೇರಿಸಬೇಕು. ನಾವು ಆರಿಸಿಕೊಂಡದ್ದು ಎರಡನೆಯ ದಾರಿ. ಒತ್ತಡ ಮಿತಿ ಮೀರಿದಾಗ ಹೊಗೆಯನ್ನು ಚಕ್ರಕ್ಕೆ ತಾಗಿಸದೆ ಹೊರಬಿಡುವ ವೇಸ್ಟ್‌ಗೇಟ್ ಎಂಬ ಬಾಗಿಲನ್ನು ೦.೩ ಬಾರಿಗೆ ಕಟ್ಟುವುದೆಂದೂ ನಿಶ್ಚಯಿಸಿದೆವು.

ಎಣ್ಣೆಯ ವಿಷಯವನ್ನು ಹಗುರವಾಗಿ ಎಣಿಸಬಾರದು. ಟರ್ಬೋದ ದಂಡ ತೇಲುವುದೇ ಎಣ್ಣೆಯ ಪೊರೆಯ ಮೇಲೆ. ಎಂಜಿನ್ನಿನಿಂದ ಎಣ್ಣೆ ಒತ್ತಡದಲ್ಲಿ ಬರಬೇಕು; ತನ್ನ ಭಾರದಿಂದಲೇ ಇಳಿದು ಚೇಂಬರಿಗೆ ವಾಪಸು ಹೋಗಬೇಕು. ಇಳಿಯುವ ಪೈಪು ಅಗಲವಾಗಿ, ಎಲ್ಲೂ ಡೊಂಕಿಲ್ಲದೆ, ಎಣ್ಣೆಯ ಮಟ್ಟಕ್ಕಿಂತ ಮೇಲೆ ಸೇರಬೇಕು. ಜೋರಾಗಿ ಓಡಿಸಿದೊಡನೆ ಎಂಜಿನ್ನು ನಿಲ್ಲಿಸಿದರೆ ಕೆಂಪಗೆ ಕಾದ ಮೈಯಲ್ಲಿ ನಿಂತ ಎಣ್ಣೆ ಸುಟ್ಟು ಕರಿಕಾಗುತ್ತದೆ. ಅನುಭವಸ್ಥ ಚಾಲಕರು ಘಾಟಿ ಹತ್ತಿ ನಿಲ್ಲಿಸಿದ ಮೇಲೆ ಎಂಜಿನ್ನನ್ನು ಒಂದೆರಡು ನಿಮಿಷ ಸುಮ್ಮನೆ ಓಡಲು ಬಿಡುವುದು ಇದಕ್ಕಾಗಿಯೇ.

ಕಾನೂನನ್ನೂ ಹೇಳಬೇಕು. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮಿನಂತೆ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಮಾರ್ಪಡಿಸಕೂಡದು. ಇಂಥ ಕಾರನ್ನು ಹೆದ್ದಾರಿಗೆ ಇಳಿಸುವ ಹಾಗಿಲ್ಲ. ಮಾವನವರ ತೆಂಗಿನ ತೋಟದ ಒಳದಾರಿಯೇ ಅದರ ಪಾಲಿಗೆ ಹೆದ್ದಾರಿ. ಪಂದ್ಯಗಳಿಗೆ ಒಯ್ದರೂ ಅಲ್ಲಿಯ ಲೆಕ್ಕವೇ ಬೇರೆ. ಅಂತರರಾಷ್ಟ್ರೀಯ ಮೋಟಾರು ಕ್ರೀಡೆಯ ನಿಯಮಗಳಲ್ಲಿ ಟರ್ಬೋ ಇರುವ ಪೆಟ್ರೋಲು ಎಂಜಿನ್ನಿನ ಗಾತ್ರವನ್ನು ೧.೭ರಿಂದ ಗುಣಿಸಿ ವರ್ಗ ನಿರ್ಧರಿಸುವುದು ವಾಡಿಕೆ. ನಮ್ಮ ೭೯೬ ಅಲ್ಲಿ ೧೩೫೩ ಆಗಿ, ದೊಡ್ಡವರ ಪಂಕ್ತಿಯಲ್ಲಿ ಕೂರಬೇಕಾಗುತ್ತದೆ.

ನನ್ನ ಲೆಕ್ಕದಲ್ಲಿ ಭಾವನವರಿಗೆ ಹೆಚ್ಚು ಹಿಡಿಸಿದ್ದು ಟರ್ಬೋದ ಲೆಕ್ಕವಲ್ಲ. ಕಾರು ಸುಮಾರು ೬೫೦ ಕಿಲೋ ತೂಗುತ್ತದೆ. ಸೀಟು, ಹಾಸು, ಗಾಜು, ಹಿಂದಿನ ಬಾಗಿಲು ಎಂದು ೧೦೦ ಕಿಲೋ ಇಳಿಸಿದರೆ, ಅದೇ ಎಂಜಿನ್ನು ನೂರಕ್ಕೆ ೧೮ ಹೆಚ್ಚು ಬಲಶಾಲಿಯಾದಂತೆ ಕಾರು ಮುಂದೆ ನೆಗೆಯುತ್ತದೆ. ಖರ್ಚು ಒಂದು ಸ್ಪ್ಯಾನರು. ೧೯೯೦ರ ದಶಕದ ಕೊನೆಗೆ ನಮ್ಮ ದೇಶದಲ್ಲಿ ತಯಾರಾದ ಸ್ಯಾನ್ ಸ್ಟಾರ್ಮ್ ಎಂಬ ಇಬ್ಬರ ಸ್ಪೋರ್ಟ್ಸ್ ಕಾರಿಗೂ ಟರ್ಬೋ ಇರಲಿಲ್ಲ. ೧೧೪೯ ಘನ ಸೆಂಟಿಮೀಟರಿನ ಎಂಜಿನ್ನು, ಸುಮಾರು ೬೦ ಅಶ್ವಶಕ್ತಿ, ಹಗುರವಾದ ಫೈಬರಿನ ಮೈ. "ಹಂಗಾದ್ರೆ ಮೊದ್ಲು ಬಿಚ್ಚಾಣ, ಆಮೇಲೆ ಹಾಕಾಣ" ಎಂದರು ಭಾವ.

ಚೀಟಿಯ ಹಣಕ್ಕೆ ಈಗ ಒಂದು ಸರದಿ ಗೊತ್ತಾಗಿದೆ. ತೂಕ ಇಳಿಸಿದ ಗಾಡಿಗೆ ಮೊದಲು ಬ್ರೇಕು ಮತ್ತು ಟೈರು. ಆಮೇಲೆ ಒತ್ತಡದ ಮಾಪಕ, ಹೊಗೆಯ ಶಾಖದ ಮಾಪಕ, ಹೊಸ ಹೆಡ್ ಗ್ಯಾಸ್ಕೆಟ್. ಇವೆಲ್ಲ ಆಗಿ ಉಳಿದ ದುಡ್ಡಿನಲ್ಲಿ ಟರ್ಬೋ. ಎಂಜಿನ್ನನ್ನು ಕಾರಿನಿಂದ ಇಳಿಸಿ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂರಿಸಿ, ಟರ್ಬೋ ಇಲ್ಲದೆಯೇ ಒಮ್ಮೆ ಓಡಿಸಿ ಹೊಗೆಯ ಶಾಖವನ್ನು ಬರೆದಿಟ್ಟುಕೊಳ್ಳುವುದೆಂದು ಮಾತಾಗಿದೆ. ಸ್ಟ್ಯಾಂಡಿಗೆ ಬೇಕಾದ ಆ್ಯಂಗಲ್ ಕಬ್ಬಿಣ ಹೊಳೆನರಸೀಪುರದಿಂದ ಬಂದಿದೆ.