ಅತಿವಾಹಕದೊಳಗಿನ ಸುಳಿಗಳು

ಶ್ರೀರಂಗಪಟ್ಟಣದ ಬಳಿ ಕಾವೇರಿಯ ದಡದಲ್ಲಿ ನಿಂತು ನೀರನ್ನು ನೋಡಿದವರಿಗೆ ಎರಡು ಬಗೆಯ ಸುಳಿಗಳು ಕಾಣುತ್ತವೆ. ಕೆಲವು ಪ್ರವಾಹದೊಡನೆ ತೇಲಿಹೋಗುತ್ತವೆ. ಕೆಲವು ಬಂಡೆಯ ಮರೆಯಲ್ಲಿ ನಿಂತಲ್ಲಿಯೇ ತಿರುಗುತ್ತಿರುತ್ತವೆ. ವಿದ್ಯುತ್ತನ್ನು ನಷ್ಟವಿಲ್ಲದೆ ಸಾಗಿಸಬೇಕೆಂಬ ಮಾನವನ ಬಯಕೆ ಈಡೇರುವುದೂ ಈಡೇರದಿರುವುದೂ ಇಂತಹುದೇ ಒಂದು ಭೇದವನ್ನು ಅವಲಂಬಿಸಿದೆ.

೧೯೦೨ರಲ್ಲಿ ಇದೇ ಕಾವೇರಿಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ೧೪೦ ಕಿಲೋಮೀಟರಿಗೂ ಮಿಕ್ಕ ದೂರ ವಿದ್ಯುತ್ತನ್ನು ತಂತಿಗಳ ಮೂಲಕ ಕಳುಹಿಸಲಾಯಿತು. ಅಂದಿನಂತೆ ಇಂದೂ ಲೋಹದ ತಂತಿಗಳಲ್ಲಿ ಶಕ್ತಿಯ ಒಂದು ಪಾಲು ರೋಧದ ಕಾರಣ ಶಾಖವಾಗಿ ವ್ಯರ್ಥವಾಗುತ್ತದೆ. ರೋಧವೇ ಇಲ್ಲದ ತಂತಿಯಿದ್ದರೆ?

ಅಂತಹ ವಸ್ತುಗಳಿವೆ. ೧೯೧೧ರಲ್ಲಿ ಹಾಲೆಂಡಿನ ಕಾಮರ್ಲಿಂಗ್ ಓನ್ಸ್ ಪಾದರಸವನ್ನು ೪.೨ ಕೆಲ್ವಿನ್‌ವರೆಗೆ ತಣಿಸಿದಾಗ ಅದರ ರೋಧ ಮಾಯವಾಯಿತು. ಆದರೆ ಅಷ್ಟು ತಣಿಸಲು ದುಬಾರಿಯಾದ ದ್ರವ ಹೀಲಿಯಂ ಬೇಕು. ೧೯೮೬ರಲ್ಲಿ ಜ್ಯೂರಿಚ್ ಬಳಿಯ ಪ್ರಯೋಗಾಲಯವೊಂದರಲ್ಲಿ ಬೆಡ್ನೋರ್ಜ್ ಮತ್ತು ಮ್ಯೂಲರ್ ಎಂಬುವರು ತಾಮ್ರದ ಆಕ್ಸೈಡೊಂದು ೩೦ ಕೆಲ್ವಿನ್ನಿನ ಆಸುಪಾಸಿನಲ್ಲಿಯೇ ಅತಿವಾಹಕವಾಗುವುದನ್ನು ಕಂಡರು. ಮರುವರ್ಷ ಅಮೆರಿಕದಲ್ಲಿ ಇಟ್ರಿಯಂ, ಬೇರಿಯಂ, ತಾಮ್ರಗಳ ಆಕ್ಸೈಡು ೯೦ ಕೆಲ್ವಿನ್ನನ್ನೂ ದಾಟಿತು. ಅದರಲ್ಲಿ ಈ ಗುಣಕ್ಕೆ ಕಾರಣವಾದ ಸಂಯುಕ್ತ ಯಾವುದೆಂದು ೧೯೮೭ರಲ್ಲಿಯೇ ಗುರುತಿಸಿದ ತಂಡಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯದೂ ಒಂದು; ಅದರ ನಾಯಕರು ಮೈಸೂರು ವಿಶ್ವವಿದ್ಯಾನಿಲಯದ ಪದವೀಧರರಾದ ಸಿ. ಎನ್. ಆರ್. ರಾವ್. ಅಗ್ಗವಾದ ದ್ರವ ಸಾರಜನಕದ ಉಷ್ಣತೆ ೭೭ ಕೆಲ್ವಿನ್. ಆದುದರಿಂದ ಇನ್ನು ಕಷ್ಟವೆಲ್ಲ ಮುಗಿಯಿತೆಂದು ಅನೇಕರು ಹರ್ಷಿಸಿದರು. ಆಗ ಅಡ್ಡಬಂದುವು ಸುಳಿಗಳು.

ಈ ಸುಳಿಗಳು ಯಾವುವು? ಇಂತಹ ಅತಿವಾಹಕವು ದುರ್ಬಲ ಕಾಂತಕ್ಷೇತ್ರವನ್ನು ತನ್ನೊಳಗೆ ಬಿಡದೆ ಹೊರಗಟ್ಟುತ್ತದೆ. ಕ್ಷೇತ್ರವು ಪ್ರಬಲವಾದಾಗ ಅದನ್ನು ಸಣ್ಣ ಸಣ್ಣ ಎಳೆಗಳಾಗಿ ಒಳಬಿಡುತ್ತದೆಂದು ೧೯೫೭ರಲ್ಲಿ ರಷ್ಯಾದ ಅಬ್ರಿಕೊಸೋವ್ ತೋರಿಸಿದರು. ಪ್ರತಿಯೊಂದು ಎಳೆಯ ನಡುವೆ ಅತಿವಾಹಕತೆ ಇರುವುದಿಲ್ಲ. ಅದರ ಸುತ್ತ ವಿದ್ಯುತ್ತು ಸುಳಿಯಂತೆ ಸುತ್ತುತ್ತಿರುತ್ತದೆ. ಎಲ್ಲ ಎಳೆಗಳಲ್ಲಿಯೂ ಕಾಂತಪ್ರವಾಹದ ಮೊತ್ತ ಒಂದೇ. ಒಂದು ಟೆಸ್ಲಾ ಕ್ಷೇತ್ರದಲ್ಲಿ ಒಂದು ಚದರ ಮಿಲಿಮೀಟರಿನಲ್ಲಿ ಸುಮಾರು ೪೮ ಕೋಟಿ ಸುಳಿಗಳಿರುತ್ತವೆ!

ಈಗ ಅತಿವಾಹಕದಲ್ಲಿ ವಿದ್ಯುತ್ತನ್ನು ಹರಿಸೋಣ. ಅದು ಸುಳಿಗಳನ್ನು ತಳ್ಳುತ್ತದೆ. ನದಿಯ ಸುಳಿ ಪ್ರವಾಹದ ದಿಕ್ಕಿನಲ್ಲಿ ಸಾಗಿದರೆ ಈ ಸುಳಿಗಳು ಪ್ರವಾಹಕ್ಕೆ ಅಡ್ಡಲಾಗಿ ಸರಿಯುತ್ತವೆ. ಕಾಂತಕ್ಷೇತ್ರ ಚಲಿಸಿದರೆ ವಿದ್ಯುದ್ವಿಭವ ಹುಟ್ಟುತ್ತದೆಂಬ ಫ್ಯಾರಡೆಯ ನಿಯಮವನ್ನು ವಿದ್ಯಾರ್ಥಿಗಳು ಬಲ್ಲರು. ಪ್ರವಾಹವಿದ್ದು ವಿಭವವೂ ಇದ್ದ ಮೇಲೆ ಶಾಖ ಹುಟ್ಟಲೇಬೇಕು. ಎಂದರೆ, ಸುಳಿಗಳು ಸರಿದರೆ ಅತಿವಾಹಕಕ್ಕೂ ರೋಧ ಬರುತ್ತದೆ! ಅವು ನಿಂತಲ್ಲಿಯೇ ನಿಂತರೆ ಮಾತ್ರ ನಷ್ಟವಿಲ್ಲ.

ತಾಮ್ರದ ಆಕ್ಸೈಡುಗಳಲ್ಲಿ ಅವನ್ನು ನಿಲ್ಲಿಸುವುದು ಕಠಿಣ. ಇದಕ್ಕೆ ಎರಡು ಕಾರಣಗಳುಂಟು. ಮೊದಲನೆಯದು ಉಷ್ಣತೆ: ೭೭ ಕೆಲ್ವಿನ್ನಿನಲ್ಲಿ ಉಷ್ಣದ ಅಲುಗಾಟದ ಶಕ್ತಿ ದ್ರವ ಹೀಲಿಯಂನಲ್ಲಿರುವುದರ ೧೮ ಮಡಿ. ಎರಡನೆಯದು ಪದರಗಳ ರಚನೆ. ಈ ವಸ್ತುಗಳಲ್ಲಿ ವಿದ್ಯುತ್ತು ಮುಖ್ಯವಾಗಿ ತಾಮ್ರ ಮತ್ತು ಆಮ್ಲಜನಕದ ಪದರಗಳಲ್ಲಿ ಹರಿಯುತ್ತದೆ. ಪದರದಿಂದ ಪದರಕ್ಕೆ ದಾಟುವುದು ಕಷ್ಟ. ಬಿಸ್ಮತ್ ಸೇರಿದ ಆಕ್ಸೈಡಿನಲ್ಲಂತೂ, ಅತಿವಾಹಕವಾಗುವುದಕ್ಕೆ ಮುನ್ನ, ಅಡ್ಡಲಾಗಿರುವ ರೋಧವು ಪದರದೊಳಗಣ ರೋಧದ ಹತ್ತು ಸಾವಿರ ಮಡಿಗೂ ಹೆಚ್ಚು. ಆದುದರಿಂದ ಅಲ್ಲಿ ಸುಳಿಯು ಗಟ್ಟಿಯಾದ ಕೋಲಿನಂತಿರದೆ, ಪೇರಿಸಿಟ್ಟ ಸೆಟ್ ದೋಸೆಯಂತೆ ಬಿಲ್ಲೆ ಬಿಲ್ಲೆಯಾಗಿರುತ್ತದೆ. ಕೋಲನ್ನು ಒಂದೆಡೆ ಕಟ್ಟಿದರೆ ಇಡಿಯಾಗಿ ನಿಲ್ಲುತ್ತದೆ. ಒಂದು ದೋಸೆಯನ್ನು ಹಿಡಿದರೆ ಉಳಿದವು ಜಾರುತ್ತವೆ. ಉಷ್ಣತೆ ಏರಿದಂತೆ ಸುಳಿಗಳ ಕ್ರಮಬದ್ಧ ಜೋಡಣೆಯೇ ಮಂಜುಗಡ್ಡೆಯಂತೆ ಕರಗಿ ದ್ರವದಂತಾಗುತ್ತದೆ. ದ್ರವ ಸಾರಜನಕದಲ್ಲಿಟ್ಟ ಬಿಸ್ಮತ್ ಆಕ್ಸೈಡಿಗೆ ಒಂದು ಟೆಸ್ಲಾಕ್ಕಿಂತ ಬಹಳ ಕಡಮೆ ಕ್ಷೇತ್ರದಲ್ಲಿಯೇ ಈ ಗತಿ ಒದಗುತ್ತದೆ. ಪದರಗಳ ನಂಟು ಬಲವಾಗಿರುವ ಇಟ್ರಿಯಂ ಆಕ್ಸೈಡು ಅದೇ ಉಷ್ಣತೆಯಲ್ಲಿ ಹಲವು ಟೆಸ್ಲಾಗಳನ್ನು ತಾಳಬಲ್ಲದು.

ಪರಿಹಾರವೇನು? ಕಾವೇರಿಯ ಬಂಡೆಯೇ ಅದನ್ನು ಸೂಚಿಸುತ್ತದೆ. ಸ್ಫಟಿಕದಲ್ಲಿ ದೋಷವಿರುವೆಡೆ ಅತಿವಾಹಕತೆ ಮೊದಲೇ ಕುಗ್ಗಿರುವುದರಿಂದ, ಸುಳಿಯು ಅಲ್ಲಿ ನೆಲಸಿದರೆ ಶಕ್ತಿ ಉಳಿತಾಯವಾಗುತ್ತದೆ. ಅದು ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ. ೧೯೯೧ರಲ್ಲಿ ವಿಜ್ಞಾನಿಗಳು ಭಾರವಾದ ಅಯಾನುಗಳನ್ನು ಇಟ್ರಿಯಂ ಆಕ್ಸೈಡಿನ ಸ್ಫಟಿಕಕ್ಕೆ ಹೊಡೆದು, ಅದರೊಳಗೆ ನೇರವಾದ ಕೊಳವೆಯಂತಹ ಗಾಯಗಳನ್ನು ಮಾಡಿ, ಸುಳಿಗಳನ್ನು ಉದ್ದಕ್ಕೂ ಹಿಡಿದಿಟ್ಟರು. ಇಂದು ತಯಾರಾಗುವ ಅತಿವಾಹಕ ಪಟ್ಟಿಗಳಲ್ಲಿ ಬೇರಿಯಂ ಜಿರ್ಕೋನೇಟ್ ಮುಂತಾದವುಗಳ ಅತಿಸೂಕ್ಷ್ಮ ಕಣಗಳನ್ನು ಬೇಕೆಂದೇ ಬೆರೆಸುವುದುಂಟು.

ವಸ್ತುವು ಯಾವ ಉಷ್ಣತೆಯಲ್ಲಿ ಅತಿವಾಹಕವಾಗುತ್ತದೆಂದು ತಿಳಿದರೆ ಸಾಲದು; ಅದರ ಸುಳಿಗಳು ಎಷ್ಟು ಪ್ರವಾಹಕ್ಕೆ, ಎಷ್ಟು ಕ್ಷೇತ್ರಕ್ಕೆ ಕದಲದೆ ನಿಲ್ಲುವುವೆಂಬುದನ್ನೂ ಕೇಳಬೇಕು. ಹೊಸ ಅತಿವಾಹಕವೊಂದರ ಸುದ್ದಿ ಬಂದಾಗ ನಮ್ಮ ವಿದ್ಯಾರ್ಥಿಗಳು ಈ ಎರಡನೆಯ ಪ್ರಶ್ನೆಯನ್ನು ಮರೆಯದಿರಲಿ.